ಗಾಜಿನ ಮೇಲಿನ ಕುಂಕುಮ

ಕ್ವಾರ್ಟರ್ಸ್ ನಂ. 14
ಭಾನುವಾರ, 23-11-1986

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಚಿಕ್ಕಹನುಮಂತಪ್ಪನ ನಮಸ್ಕಾರ. ಭಾವನವರಿಗೂ ತಿಳಿಸು. ಇತ್ತ ನಾವೆಲ್ಲ ಕ್ಷೇಮ ಅಂತ ಬರೆಯುವುದು ವಾಡಿಕೆ. ಈ ಸಲ ಸುಳ್ಳು ಬರೆಯಲು ಮನಸ್ಸಿಲ್ಲ. ನಿನ್ನ ಕಾಗದ ಬಂದು ಹತ್ತು ಹನ್ನೆರಡು ದಿನವಾಯಿತು. ತಡವಾದದ್ದಕ್ಕೆ ಬೈಯಬೇಡ. ಬರೆದು ಬರೆದು ಹರಿದು ಹಾಕಿದೆ. "ಸಿಟ್ಟಿನಾಗೆ ಬರೆದಿದ್ದನ್ನ ಅಕ್ಕಗೆ ಕಳಿಸಬ್ಯಾಡ್ರಿ" ಅಂತ ನಿನ್ನ ನಾದಿನಿ ಹನುಮಂತಮ್ಮ ತಡೆದಳು. ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ. ನಾಳೆ ಸೋಮವಾರ ನಾನು ಆಫೀಸಿನಲ್ಲಿ ಉತ್ತರ ಹೇಳಬೇಕು, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಕೆಲಸದ ವಿಷಯ ಹೊರಗೆ ಬರೆಯುವಂತಿಲ್ಲ. ನ್ಯಾಮತಿಯ ಕೊಟ್ರಬಸಪ್ಪ ಈರುಳ್ಳಿ ಲಾರಿ ತಂದಿದ್ದಾನೆ, ವಾಪಸು ನಿಮ್ಮ ಜಗಳೂರಿನ ಮೇಲೇ ಹೋಗುತ್ತಾನಂತೆ. ಅವನ ಕೈಯಲ್ಲಿ ಕೊಡುತ್ತೇನೆ. ನೀನೇ ಓದು. ನಾಲ್ಕನೇ ಕ್ಲಾಸು ಓದಿದ್ದು ಇಂಥ ಹೊತ್ತಿಗೇ. ಓದಿ ಒಲೆಗೆ ಹಾಕು.

ನಿನ್ನ ಮಗ ಮೂಕಪ್ಪ ಆರಾಮ ಇದ್ದಾನೆ, ಹಡಗಿನಿಂದ ಅವನ ಕಾಗದ ಬಂದಿದೆ. ಅವನ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ನಿನ್ನ ಹತ್ತಿರ ನನ್ನ ಜಗಳ ಮುಗಿಯಲಿ.

ನಮ್ಮ ಪ್ರಾಜೆಕ್ಟಿನ ದೊಡ್ಡ ಸಾಹೇಬರು ತಿಪ್ಪೇರುದ್ರಸ್ವಾಮಿಯವರು ದೀಪಾವಳಿಗೆ ತಮ್ಮೂರು ಚನ್ನಗಿರಿಗೆ ಬಂದವರು ಜೀಪು ತಿರುಗಿಸಿಕೊಂಡು ನಿನ್ನ ಮನೆಗೂ ಬಂದರು ಅಂತ ಬರೆದಿದ್ದೀಯ. ಓಣಿಯ ಮಂದಿಯೆಲ್ಲ ನೋಡಲು ನಿಂತಿದ್ದರು ಅಂತಲೂ ಬರೆದಿದ್ದೀಯ. ಕುರ್ಚಿ ಹೊರಗೆ ಹಾಕಿಸಿಕೊಂಡು ಕೂತರು, ಸರಿ. ನೀನು ಕೊಟ್ಟ ನೀರು ಕುಡಿದರಾ? ಅದನ್ನು ನೀನು ಬರೆದಿಲ್ಲ. ನೀನು ಬರೆಯದೆ ಬಿಟ್ಟದ್ದು ನನಗೆ ಅರ್ಥವಾಯಿತು.

ಅವರು ಹೋದ ಮೇಲೆ ನೀನು ಕೂತು ನನಗೆ ಬುದ್ಧಿ ಹೇಳಿದೆ: "ದೊಡ್ಡೋರ ಎದುರಿಗೆ ನಿಂತು ಏನು ಗೆಲ್ತೀಯೋ ಚಿಕ್ಕಾ? ಒಂದು ಸಹಿ ತಾನೇ? ಹಾಕಿ ಕೈ ತೊಳಕಾ. ಅನ್ನಕ್ಕೆ ದಾರಿ ಮಾಡಿದೋರ ಮ್ಯಾಲೆ ತಿರುಗಿ ಬೀಳಬ್ಯಾಡ." ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಕೆಳಗೆ ಇನ್ನೊಂದು ಮಾತು ಬರೆದಿದ್ದೀಯಲ್ಲ, ಅದು ಚುಚ್ಚಿತು. "ನಾ ಕಳಿಸಿದ ಅಂತರಘಟ್ಟಮ್ಮನ ಕುಂಕುಮ, ಭಂಡಾರನೇ ನಿನಗೆ ಮುಳುವಾತೇನೋ" ಅಂತ ಅತ್ತಿದ್ದೀಯ. ಅಕ್ಕಾ, ನೀನೂ ನಂಬಿದೆಯಾ? ಬುದ್ಧನ ದೀಕ್ಷೆ ತಗೊಂಡ ದಿನ ನಿನ್ನ ಜೊತೆ ಊಟ ಬಿಡುವಷ್ಟು ಜಗಳ ಆಡಿದವನು ನಾನು. ನೀನು ಕಳಿಸಿದ ಗಂಟು ಬಿಚ್ಚಿಲ್ಲ. ನಿನ್ನ ಮೇಲಿನ ಪ್ರೀತಿಗೆ ಟ್ರಂಕಿನಲ್ಲಿ ಇಟ್ಟಿದ್ದೇನೆ. ಅದನ್ನು ಹೋಗಿ ಯಂತ್ರಕ್ಕೆ ಬಳಿಯುತ್ತೇನಾ?

ನಡೆದದ್ದು ಏನು ಅಂತ ಹೇಳುತ್ತೇನೆ, ಕೇಳು.

ನಾವು ಮಾಡುತ್ತಿರುವುದು ಯುದ್ಧದ ಹಡಗಿಗೆ ಒಂದು ಕಾವಲು. ಶತ್ರುವಿನ ಕ್ಷಿಪಣಿ ಹಡಗಿನ ಕಡೆ ಬಂದರೆ, ಹತ್ತಿರ ಬರುವ ಮೊದಲೇ ನಮ್ಮ ಸಣ್ಣ ಕ್ಷಿಪಣಿ ಹೋಗಿ ಅದನ್ನು ಒಡೆಯಬೇಕು. ಹೊಡೆಯುವುದಕ್ಕೆ ಮೊದಲು ಬರುವುದು ಕಾಣಬೇಕಲ್ಲ? ಅದಕ್ಕೆ ರೇಡಾರ್ ಒಂದು, ಅದರ ಪಕ್ಕದಲ್ಲಿ ದಪ್ಪ ಗಾಜಿನ ಹಿಂದೆ ಕ್ಯಾಮೆರಾ ಒಂದು. ಆ ಗಾಜಿಗೆ ನಾವು ಕಣ್ಣು ಅನ್ನುತ್ತೇವೆ. ಅದನ್ನು ಕೂರಿಸುವುದು, ಒರೆಸುವುದು ನನ್ನ ಕೆಲಸ.

ಈಗಿನ ಕ್ಷಿಪಣಿಗಳು ಆಕಾಶದಲ್ಲಿ ಮೆರೆಯುತ್ತ ಬರುವುದಿಲ್ಲ. ನೀರಿಗೆ ಅಂಟಿಕೊಂಡ ಹಾಗೆ ಬರುತ್ತವೆ. ನಾಲ್ಕು ವರ್ಷದ ಹಿಂದೆ ಇಂಗ್ಲೆಂಡಿನ ಹಡಗೊಂದು ಹಾಗೇ ಹೋಯಿತು, ರೇಡಿಯೋದಲ್ಲಿ ಕೇಳಿ ನೀನು ಮೂಕಪ್ಪನನ್ನು ನೇವಿಗೆ ಕಳಿಸುವುದಿಲ್ಲ ಅಂತ ಕೂತಿದ್ದೆ, ನೆನಪಿದೆಯಾ? ಸಾಸ್ವೆಹಳ್ಳಿಯಲ್ಲಿ ನಾವಿಬ್ಬರೂ ಜೋಳ ಕಾಯುತ್ತಿದ್ದೆವಲ್ಲ, ಮೇಲೆ ಹಾರುವ ಹಕ್ಕಿ ಎಲ್ಲರಿಗೂ ಕಾಣುತ್ತಿತ್ತು, ತೆನೆಯ ಮಟ್ಟಕ್ಕೆ ನುಸುಳಿ ಬರುವುದು ತೆನೆ ಅಲ್ಲಾಡಿದ ಮೇಲೇ ಗೊತ್ತಾಗುತ್ತಿತ್ತು. ಹಡಗಿನವರಿಗೂ ಅದೇ ಕಷ್ಟ.

ಆಯುಧಪೂಜೆಯ ಮಾರನೆಯ ದಿನ ಕಡಲ ದಡದಲ್ಲಿ ಪರೀಕ್ಷೆ ಇತ್ತು. ಹಾಗಾಗಿ ಪೂಜೆಯನ್ನೂ ಅಲ್ಲಿಯ ಶೆಡ್ಡಿನಲ್ಲೇ ಇಟ್ಟುಕೊಂಡರು. ನಮ್ಮಲ್ಲಿ ಅವರವರ ಯಂತ್ರಕ್ಕೆ ಅವರವರೇ ಪೂಜೆ ಮಾಡುವುದು ರೂಢಿ. ನನಗೆ ಮಾತ್ರ ಆ ರೂಢಿ ಇಲ್ಲ. ಸೇರಿದ ವರ್ಷ ನನ್ನ ಲೇತಿಗೆ ಒಡೆಯಲು ಕಾಯಿ ತಂದಿದ್ದೆ. ಸ್ಟೋರಿನವನು ನನ್ನ ಕೈಯಿಂದ ತಗೊಂಡು, "ನೀ ಬಿಡಪ್ಪ, ನಾ ಒಡೀತೀನಿ" ಅಂದ. ನಗುನಗುತ್ತಲೇ ಅಂದ. ಆಮೇಲೆ ನಾನು ದೀಕ್ಷೆ ತಗೊಂಡೆ, ಪೂಜೆಗೆ ನಿಲ್ಲುವುದನ್ನು ಬಿಟ್ಟೆ. ಅವರಿಗೂ ನಿರಾಳವಾಯಿತು. ಈ ಸಲವೂ ನಾನು ಶೆಡ್ಡಿನ ಬಾಗಿಲ ಹೊರಗೆ ಬೀಡಿ ಸೇದುತ್ತ ನಿಂತಿದ್ದೆ.

ಕುಂಬಳಕಾಯಿ ಒಡೆದದ್ದು ಸಾಹೇಬರು. ವಿಭೂತಿ ಎಳೆದದ್ದು ಸಾಹೇಬರು. ಗಾಜಿನ ಮೇಲಿನ ಮುಚ್ಚಳ ತೆಗೆಸಿ, "ಕಣ್ಣಿಗೇ ಕುಂಕುಮ ಇಡದಿದ್ರೆ ಎಂಥ ಪೂಜೆರೀ" ಅಂತ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಗಾಜಿನ ನಡುವೆ ತಮ್ಮ ಬೆರಳಿನಿಂದ ಇಟ್ಟದ್ದೂ ಅವರೇ. ಎಲ್ಲರೂ ಕೈ ಮುಗಿದರು. ಮಂಡಕ್ಕಿ ಹಂಚಿದ ಮೇಲೆ ನನ್ನನ್ನು ಕರೆದರು. "ಚಿಕ್ಕಾ, ಒರೆಸಿ ಮುಚ್ಚಪ್ಪ." ಪೂಜೆಗೆ ಬೇಡವಾದ ಕೈ ಒರೆಸುವುದಕ್ಕೆ ಬೇಕಾಯಿತು. ಒರೆಸಿದೆ. ನಮ್ಮಲ್ಲಿ ಒರಿಸ್ಸಾ ಕಡೆಯ ಹುಡುಗಿ ಒಬ್ಬಳಿದ್ದಾಳೆ, ಇಂಜಿನಿಯರ್, ಮಹಾಪಾತ್ರ ಅಂತ. ಅವಳು ಬ್ಯಾಟರಿ ಬೆಳಕು ಬಿಟ್ಟು ನೋಡಿ ಚೊಕ್ಕಟ ಇದೆ ಅಂದ ಮೇಲೆ ಮುಚ್ಚಿದೆ.

ಮಾರನೆಯ ದಿನ ನೇವಿಯ ಅಧಿಕಾರಿಗಳು ದುರ್ಬೀನು ಹಿಡಿದು ಬಂದರು. ಹೊಡೆಯಲು ಗುರಿಗೆ ಸಣ್ಣ ವಿಮಾನ, ಒಳಗೆ ಜನ ಇರುವುದಿಲ್ಲ. ಮೊದಲನೆಯದು ಎತ್ತರದಲ್ಲಿ ಬಂತು. ನಮ್ಮದು ಹೋಗಿ ಒಂದೇ ಏಟಿಗೆ ಚೂರು ಮಾಡಿತು. ಅಕ್ಕಾ, ನನಗೂ ಕಣ್ಣಲ್ಲಿ ನೀರು ಬಂತು. ಐದು ವರ್ಷದ ದುಡಿಮೆ ಅಲ್ಲವಾ? ಎರಡನೆಯದು ನೀರಿನ ಮಟ್ಟದಲ್ಲಿ ಬಂತು. ರೇಡಾರಿಗೆ ಅಲೆ ಯಾವುದು ಗುರಿ ಯಾವುದು ತಿಳಿಯಲಿಲ್ಲ, ಕ್ಯಾಮೆರಾಕ್ಕೆ ನೀರಿನ ಥಳಥಳದಲ್ಲಿ ಏನೂ ಕಾಣಲಿಲ್ಲ. ನಮ್ಮ ಕ್ಷಿಪಣಿ ದಿಕ್ಕು ತಪ್ಪಿ ಸಮುದ್ರಕ್ಕೆ ಬಿತ್ತು. ಗುರಿ ನಮ್ಮ ತಲೆಯ ಮೇಲೇ ಹಾದುಹೋಯಿತು. ಅಲ್ಲಿ ಹಡಗು ಇದ್ದಿದ್ದರೆ ಮುಗಿದೇ ಹೋಗುತ್ತಿತ್ತು.

ಸೋತದ್ದಕ್ಕೆ ನನಗೆ ಸಿಟ್ಟಿಲ್ಲ. ಹೊಸ ಕೆಲಸ ಒಂದೇ ಏಟಿಗೆ ಆಗುವುದಿಲ್ಲ. ಮಹಾಪಾತ್ರ ಎರಡು ವರ್ಷದಿಂದ ಹೇಳುತ್ತಲೇ ಇದ್ದಳು, ಕೆಳಗೆ ಬರುವುದು ಕಾಣುತ್ತಿಲ್ಲ, ಟೈಮ್ ಬೇಕು ಅಂತ. ಇನ್ನೊಂದೆರಡು ವರ್ಷ ಕೇಳಿಕೊಂಡಿದ್ದರೆ ಮುಗಿಯುತ್ತಿತ್ತು.

ವಿಚಾರಣೆಯಲ್ಲಿ ಆದದ್ದೇ ಬೇರೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಯಂತ್ರದಲ್ಲಿ ದೋಷವೇ ಇಲ್ಲವಂತೆ. ಹಳ್ಳಿಯಿಂದ ಬಂದ ಒಬ್ಬ ಫಿಟ್ಟರ್ ಮೂಢಭಕ್ತಿಯಿಂದ ಗಾಜಿಗೆ ಕುಂಕುಮ ಹಚ್ಚಿದನಂತೆ, ಅದಕ್ಕೇ ಕಣ್ಣು ಮಂಜಾಯಿತಂತೆ! ನಾನು ಎದ್ದು ನಿಂತು ಕೇಳಿದೆ: ಹಾಗಾದರೆ ಅದೇ ಗಾಜಿನಿಂದ ಮೊದಲನೆಯದು ಹೆಂಗೆ ಕಂಡಿತು? ಕುಂಕುಮಕ್ಕೆ ಎತ್ತರ ತಗ್ಗು ಗೊತ್ತಾಗುತ್ತದಾ? ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. ಬಿಸಿಲಿಗೆ ಎಣ್ಣೆ ಕರಗಿ ಕುಂಕುಮ ಗಾಜಿನ ಕೆಳಗಿನ ಅರ್ಧಕ್ಕೆ ಇಳಿದಿರಬೇಕಂತೆ. ಇಷ್ಟು ಓದಿದವರು ಇಷ್ಟು ಸುಳ್ಳನ್ನು ಕಲಸಲು ಎಷ್ಟು ಕಷ್ಟಪಟ್ಟರೋ! ಅವತ್ತು ಕೈ ಮುಗಿದು ನಿಂತಿದ್ದವರೆಲ್ಲ ಅಲ್ಲೇ ಇದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಮಹಾಪಾತ್ರ ಬಾಯಿ ತೆರೆದಳು, "ನಿಮ್ಮನ್ನು ಕೇಳಿದಾಗ ಹೇಳಿ" ಅಂದರು. ಕೇಳಲೇ ಇಲ್ಲ.

ಹಳ್ಳಿಯ ಮೂಢಭಕ್ತ! ನನ್ನ ಕೈಯಿಂದ ಕಾಯಿ ಕಿತ್ತುಕೊಂಡಾಗ ನಾನು ಪೂಜೆಗೆ ತಕ್ಕವನಲ್ಲ. ಪೂಜೆಯಿಂದ ಕೆಟ್ಟಿತು ಅನ್ನುವ ದಿನ ಮಾತ್ರ ನಾನೇ ಪೂಜಾರಿ. ನಿನಗೆ ನಗು ಬರುತ್ತಿದೆಯಾ? ಹನುಮಂತಮ್ಮ ಮೊದಲು ನಕ್ಕಳು, ಆಮೇಲೆ ಪಾತ್ರೆಗಳನ್ನು ಕುಕ್ಕಿದ್ದು ಪಕ್ಕದ ಮನೆಗೂ ಕೇಳಿಸಿತು.

ಆಮೇಲೆ ಸಾಹೇಬರು ನನ್ನೊಬ್ಬನನ್ನೇ ಕರೆದರು. ಕೂರಿಸಿ, ಊರಿನ ಮಾತಿನಲ್ಲೇ ಮಾತಾಡಿದರು. ಸುಳ್ಳು ಹೇಳಬಾರದು, ಅವರು ಕೆಟ್ಟವರಲ್ಲ. ಹೊನ್ನಾಳಿ ಕಡೆಯ ಹುಡುಗ ಅಂತ ನನ್ನನ್ನು ಈ ಕೆಲಸಕ್ಕೆ ಆರಿಸಿದ್ದು ಅವರೇ. "ನೋಡಪ್ಪಾ, ಯಂತ್ರ ಸರಿಯಿಲ್ಲ ಅಂತ ಬರದ್ರೆ ಕೆಲಸನೇ ನಿಲ್ಲಿಸ್ತಾರೆ, ಹೊರದೇಶದಿಂದ ತರಸ್ತಾರೆ. ಇಷ್ಟು ಜನದ ದುಡಿಮೆ ನೀರಾಗೆ ಹೋಗ್ತೈತೆ. ಮೊದಲು ಹಡಗಿನ ಮ್ಯಾಲೆ ಕೂರ್ಲಿ, ಆಮೇಲೆ ಸರಿ ಮಾಡಾಕೆ ಬರ್ತೈತೆ. ನೀ ಹಚ್ಚಿದೆ ಅಂತ ಒಂದು ಸಹಿ ಹಾಕು. ಒಂದು ಇನ್‌ಕ್ರಿಮೆಂಟ್ ಹೋಗ್ತೈತೆ, ಅಷ್ಟೇ. ನಾ ನೋಡಿಕಂತೀನಿ" ಅಂದರು.

"ನೀವೇ ಹಚ್ಚಿದ್ರಲ್ಲ ಸರ್, ನೀವೇ ಸಹಿ ಹಾಕ್ರಿ" ಅಂದೆ.

ಅವರ ಮುಖ ಕೆಂಪಾಯಿತು. "ನಾ ಹಾಕಿದ್ರೆ ಪ್ರಾಜೆಕ್ಟೇ ಹೋಗ್ತೈತಲ್ಲೋ" ಅಂದರು. ನಾನು ಹೋದರೆ ಏನೂ ಹೋಗುವುದಿಲ್ಲ ಅಂತ ಅರ್ಥ. ಅದಾದ ಮೇಲೇ ಅವರು ನಿನ್ನ ಮನೆಗೆ ಬಂದದ್ದು. ತಮ್ಮ ಮಾತು ಕೇಳದವನು ಅಕ್ಕನ ಮಾತು ಕೇಳುತ್ತಾನೆ ಅಂತ ಅವರಿಗೆ ಗೊತ್ತು. ಅವ್ವ ಸತ್ತ ಮೇಲೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಳೆ ಕಿತ್ತವಳು ನೀನು ಅಂತ ಹಿಂದೊಮ್ಮೆ ನಾನೇ ಅವರಿಗೆ ಹೇಳಿದ್ದೆ. ಅದನ್ನು ಹೀಗೆ ಬಳಸುತ್ತಾರೆ ಅಂತ ಅಂದುಕೊಂಡಿರಲಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. ಒಂದು ಸಹಿ ತಾನೇ ಅಂದೆ. ನನ್ನ ಮಾನ ಹೋಗುವುದು ಬಿಡು. ನಮಗೆ ಅದು ಹೊಸದಲ್ಲ, ಎತ್ತಿಗೆ ಜ್ವರ ಬಂದಾಗಲೆಲ್ಲ ಬರೆ ಬಿದ್ದದ್ದು ನಮಗೇ. ನಾನು ಸಹಿ ಹಾಕಿದರೆ ತಪ್ಪು ಕುಂಕುಮದ್ದು ಅಂತ ಆಗುತ್ತದೆ. ಕುಂಕುಮ ಒರೆಸಿದರೆ ಯಂತ್ರ ಸರಿ ಅಂತ ಆಗುತ್ತದೆ. ಕೆಳಗೆ ಬರುವುದು ಕಾಣದ ಯಂತ್ರ ಹಾಗೇ ಹಡಗೇರುತ್ತದೆ. ಕಾವಲಿದೆ ಅಂತ ನಂಬಿ ಹುಡುಗರು ಮಲಗುತ್ತಾರೆ. ಕುರುಡನನ್ನು ಕಾವಲಿಗೆ ಕೂರಿಸಿ, ಕುರುಡ ಅಂತ ಮನೆಯವರಿಗೆ ಹೇಳದೆ ಇರುವುದು ಎಂಥ ಧರ್ಮ ಅಕ್ಕಾ? ಕಾವಲೇ ಇಲ್ಲದಿದ್ದರೆ ಅವರು ಎಚ್ಚರವಾಗಾದರೂ ಇರುತ್ತಾರೆ.

ಹಂಗಾಗಿ ನಾಳೆ ಸಹಿ ಹಾಕುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದು, ವಿಚಾರಣೆಗೆ ಬಂದಿದ್ದ ನೇವಿಯ ಅಧಿಕಾರಿಯ ಕೈಗೇ ಕೊಡುತ್ತೇನೆ. ಮಹಾಪಾತ್ರಳೂ ಜೊತೆಗೆ ಬರುತ್ತಾಳೆ. ಕೆಲಸದಿಂದ ನಿಲ್ಲಿಸಬಹುದು. ಕ್ವಾರ್ಟರ್ಸ್ ಬಿಡಿಸಬಹುದು. ಆಗ ಹನುಮಂತಮ್ಮನನ್ನು ಕರೆದುಕೊಂಡು ಜಗಳೂರಿಗೇ ಬರುತ್ತೇನೆ, ಕಬ್ಬಿಣ ಕೊರೆಯುವವನಿಗೆ ಎಲ್ಲಾದರೂ ಕೆಲಸ ಸಿಗುತ್ತದೆ. ನೀನು ಬೈಯುತ್ತಲೇ ರೊಟ್ಟಿ ಬಡಿದು ಹಾಕುತ್ತೀಯ ಅಂತ ಗೊತ್ತು.

ಅನ್ನಕ್ಕೆ ದಾರಿ ಮಾಡಿದವರು ಅಂದೆ. ಹೌದು, ಮರೆತಿಲ್ಲ. ಆದರೆ ಅನ್ನದ ಋಣಕ್ಕೆ ಬೇರೆಯವರ ಮಕ್ಕಳನ್ನು ಕೊಡಲು ಬರುವುದಿಲ್ಲ.

ಕಾಲು ನೋವಿಗೆ ಎಣ್ಣೆ ಹಚ್ಚುತ್ತಿರು. ನಿನ್ನ ಬಾಲವಾಡಿಯ ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ಭಾವನವರ ಕೆಮ್ಮನ್ನು ದಾವಣಗೆರೆಯಲ್ಲಿ ತೋರಿಸು, ನಾಳೆ ನಾಡಿದ್ದು ಅನ್ನಬೇಡ. ನನ್ನ ಮೇಲೆ ಸಿಟ್ಟಿದ್ದರೂ ನಿನ್ನ ಆಶೀರ್ವಾದ ಇರಲಿ.

ನಿನ್ನ ತಮ್ಮ,
ಚಿಕ್ಕಹನುಮಂತಪ್ಪ

ಮರೆತ ಮಾತು: ಮೂಕಪ್ಪನ ವಿಷಯ ಕೊನೆಗೆ ಬರೆಯುತ್ತೇನೆ ಅಂದಿದ್ದೆ. ಮರೆತಿರಲಿಲ್ಲ ಅಕ್ಕಾ, ಬರೆಯಲು ಕೈ ಬರಲಿಲ್ಲ. ಅವನ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೇ ಇಳಿಸುತ್ತೇನೆ. "ಮಾವಾ, ನೀವು ಮಾಡೋ ಯಂತ್ರ ಮೊದಲು ನಮ್ಮ ಹಡಗಿಗೇ ಬರ್ತೈತಂತೆ. ಕೂರ್ಸಾಕೆ ಡೆಕ್ಕಿನ ಮ್ಯಾಲೆ ಜಾಗ ಕೊಯ್ದು ಇಟ್ಟಾರೆ. ಅದರ ಕೆಳಗೇ ನಾವು ಮಲಗೋದು. ನಮ್ಮ ಮಾವ ಮಾಡಿದ್ದು, ಇನ್ನು ಹೆದರಬ್ಯಾಡ್ರಿ ಅಂತ ಎಲ್ಲರಿಗೂ ಹೇಳೀನಿ. ಅವ್ವಗೆ ಈಗಲೇ ಹೇಳಬ್ಯಾಡ್ರಿ, ಸುಮ್ಮನೆ ದಿಗಿಲು ಬೀಳ್ತಾಳೆ."

ಕೊಟ್ರಬಸಪ್ಪನ ಲಾರಿ ನಾಳೆ ಬೆಳಿಗ್ಗೆ ಬೇಗ ನಿನ್ನ ಬಾಗಿಲಿಗೆ ಬರುತ್ತದೆ. ನಾನು ಆಫೀಸಿಗೆ ಹೋಗುವುದು ಒಂಬತ್ತಕ್ಕೆ. ಜಗಳೂರು ಪೋಸ್ಟಾಫೀಸಿನಿಂದ ನಮ್ಮ ಗೇಟಿಗೆ ಫೋನ್ ಮಾಡಿಸಬಹುದು. ಈಗಲೂ ಸಹಿ ಹಾಕು ಅನ್ನುವುದಾದರೆ ಮಾಡಿಸು. ನೀನು ಹೇಳಿದರೆ ಹಾಕುತ್ತೇನೆ.