ಬಲ್ಬು ಉರಿದರೆ ಸಾಲದು, ಅಪ್ಪ

ಅಪ್ಪಾ,

ನೀನಿರುವಲ್ಲಿ ಕರೆಂಟ್ ಇದೆಯೋ ಇಲ್ಲವೋ ಗೊತ್ತಿಲ್ಲ. ಇಲ್ಲದಿದ್ದರೇ ಒಳ್ಳೆಯದು. ಇಲ್ಲಿ ಹೊಳೆನರಸೀಪುರದಲ್ಲಿ ನಮ್ಮ ಅಕ್ಕಿ ಗಿರಣಿಗೂ ಅದು ಬಂದುಬಿಟ್ಟಿದೆ. ಯುದ್ಧದ ದೆಸೆಯಿಂದ ಎಣ್ಣೆ ಸಿಗದೆ ಹಳೆಯ ಎಂಜಿನ್ ಮೂಲೆ ಸೇರಿತು, ಅದರ ಜಾಗಕ್ಕೆ ಮೋಟರ್ ಬಂತು. ಮನೆಯವರಿಗೆಲ್ಲ ಸಂಭ್ರಮ. ನಾನು ಮಾತ್ರ ಅದರ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತೇನೆ. ಯಾಕೆಂದು ನಿನಗೆ ಹೇಳಬೇಕೆ?

ಚನ್ನರಾಯಪಟ್ಟಣದ ತೋಟದಿಂದ ನಿನ್ನನ್ನು ಗಾಡಿಯಲ್ಲಿ ಮಲಗಿಸಿ ತಂದ ಆ ಮಧ್ಯಾಹ್ನ ಇನ್ನೂ ನನ್ನ ಕಣ್ಣ ಮುಂದೆಯೇ ಇದೆ. ಪಂಪಿನ ಮೈ ಬಿಸಿಯಾಗಿದೆಯಾ ಎಂದು ಅಂಗೈ ಇಟ್ಟೆಯಂತೆ, ಅಷ್ಟೇ. ಫ್ಯೂಸ್ ಕರಗಿರಲಿಲ್ಲ. ತೋಟದ ಯಜಮಾನರು ತಲೆ ಬಗ್ಗಿಸಿ ನಿಂತು ಒಂದೇ ಮಾತು ಹೇಳುತ್ತಿದ್ದರು: "ಅರ್ತ್ ಚೆಂದಾಗೇ ಇತ್ತು ಕಣವ್ವ. ಲೈನ್ಗೂ ಅರ್ತ್ ತಂತಿಗೂ ಮಧ್ಯೆ ಬಲ್ಬ್ ಅಚ್ಚಿ ನೋಡಿದ್ವಿ, ಧಗಧಗ ಉರೀತಿತ್ತು." ಅವರು ಸುಳ್ಳು ಹೇಳಲಿಲ್ಲ ಅಪ್ಪ. ಉರಿದಿರಲೇಬೇಕು. ಭಯವಾಗುವುದು ಅದಕ್ಕೇ.

ಹಾಸನದ ಮನೆಯ ಜಗಲಿಯಲ್ಲಿ ಕೂತು ವೈರು ಸುತ್ತುತ್ತಾ ನೀನು ಇದನ್ನೇ ಅಲ್ಲವೇ ಹೇಳುತ್ತಿದ್ದದ್ದು? "ಬಲ್ಬು ಅಲ್ಪತೃಪ್ತ ಕಣಮ್ಮಿ. ವಸಿ ಕರೆಂಟ್ ಸಿಕ್ಕಿದ್ರೂ ಅದ್ಕೆ ಒಟ್ಟೆ ತುಂಬ್ತದೆ. ಫ್ಯೂಸ್ ಅಂಗಲ್ಲ, ಅದು ಕರಗ್ಬೇಕಾದ್ರೆ ಕರೆಂಟ್ ಎಲ್ಲಾ ಒಟ್ಗೆ ನುಗ್ಬೇಕು." ಮೋಟರಿನೊಳಗಿನ ತಂತಿ ಹೇಗೋ ಅದರ ಮೈಗೆ ತಾಗಿತು ಅನ್ನು. ಆಗ ಕರೆಂಟ್ ಅರ್ತ್ ತಂತಿಯಲ್ಲಿ ಇಳಿದು, ಗುಂಡಿ ಸೇರಿ, ಮಣ್ಣಿನಲ್ಲೇ ಹಾದು, ಟ್ರಾನ್ಸ್‌ಫಾರ್ಮರಿಗೆ ವಾಪಸ್ಸು ಹೋಗಬೇಕು. ಆ ಪೂರ್ತಿ ಸುತ್ತಿನಲ್ಲಿ ತಡೆ ಕಡಿಮೆಯಿದ್ದರೆ ಕರೆಂಟ್ ನುಗ್ಗುತ್ತದೆ, ಫ್ಯೂಸ್ ಕರಗಿ ಎಲ್ಲ ನಿಲ್ಲುತ್ತದೆ. ತಡೆ ಹೆಚ್ಚಿದ್ದರೆ ಫ್ಯೂಸ್ ಸುಮ್ಮನಿರುತ್ತದೆ, ಮೋಟರೂ ತಿರುಗುತ್ತಿರುತ್ತದೆ, ಅದರ ಮೈ ಮಾತ್ರ ಯಾರದಾದರೂ ಕೈ ಬರಲೆಂದು ಕಾಯುತ್ತದೆ. ಮೀಟರ್ ಎಷ್ಟು ಓಮ್ ತಡೆ ತೋರಿಸುತ್ತದೋ ಅದರಿಂದ ಲೈನಿನ ಇನ್ನೂರ ಮೂವತ್ತು ವೋಲ್ಟನ್ನು ಭಾಗಿಸು, ಬಂದದ್ದು ಫ್ಯೂಸಿನ ಅಳತೆಗಿಂತ ಎಷ್ಟೋ ಹೆಚ್ಚಿರಬೇಕು ಅನ್ನುತ್ತಿದ್ದೆ ನೀನು. ನಾನು ಭಾಗಾಕಾರ ಕಲಿತದ್ದು ಶಾಲೆಯಲ್ಲಲ್ಲ, ನಿನ್ನ ಈ ಲೆಕ್ಕದಲ್ಲಿ.

ನಮ್ಮ ಮೋಟರ್ ಕೂರಿಸಿದ ದಿನ ಬಂದವನು ರುದ್ರಣ್ಣನೇ, ನಿನ್ನ ಕೈಕೆಳಗೆ ಕೆಲಸ ಕಲಿತವನು. ಗಿರಣಿಯ ಹಿಂದೆ ಗುಂಡಿ ತೋಡಿ, ಕೊಳವೆ ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ, ದಿನಾ ಒಂದು ಬಿಂದಿಗೆ ನೀರು ಹಾಕಿ ಎಂದು ಹೇಳಿಹೋದ. ಮಳೆಗಾಲ, ಮೀಟರ್ ನಾಲ್ಕು ಓಮ್ ತೋರಿಸಿತು. ಆಮೇಲೆ ಆಯುಧಪೂಜೆ ಬಂತು. ನಮ್ಮತ್ತೆ ಮೋಟರಿಗೆ ವಿಭೂತಿ ಹಚ್ಚಿದವರು ಗುಂಡಿಗೂ ಹಚ್ಚಿ ಹೂವಿಟ್ಟರು. ಅಲ್ಲಿಂದ ಆ ಗುಂಡಿ ದೇವರಾಯಿತು. ಮೈಲಿಗೆಯಲ್ಲಿ ಯಾರೂ ಹತ್ತಿರ ಸುಳಿಯುವಂತಿಲ್ಲ, ಕಂಡಕಂಡ ನೀರು ಹಾಕುವಂತಿಲ್ಲ. ಒಂದು ದಿನ ನೋಡಿದರೆ ಮೇಲೆ ಚಪ್ಪಡಿ ಹಾಸಿ ಗಾರೆ ಮೆತ್ತಿಸಿದ್ದಾರೆ. "ಭೂಮ್ತಾಯಿ ಬಾಯಿ ಕಣಮ್ಮಿ ಅದು. ಪಕ್ಕದ್ಮನೆ ಕೋಳಿ ಬಂದು ಕೆದಕ್ತವೆ, ಅದ್ಕೇ ಮುಚ್ಚಿಸ್ಬುಟ್ಟೆ," ಅಂದರು. ಆಗ ನನಗೆ ನಗು ಬಂದಿತ್ತು, ದಿನದ ಬಿಂದಿಗೆ ನೀರೂ ಅಲ್ಲಿಗೇ ನಿಂತಿತೆಂದು ಹೊಳೆಯಲಿಲ್ಲ.

ಶಿವರಾತ್ರಿ ಕಳೆದು ಹಿತ್ತಲ ನೆಲ ಬಿರುಕು ಬಿಟ್ಟಿತ್ತು. ಒಂದು ದಿನ ರೊಟ್ಟಿ ತಟ್ಟುತ್ತಿದ್ದವಳು ಕಿಟಕಿಯಿಂದ ಗಿರಣಿಯೊಳಗೆ ನೋಡಿದೆ. ತೌಡಿನ ದೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದರು. ಇವರು, ನಿನ್ನ ಅಳಿಯಂದಿರು, ಬರಿಗಾಲಲ್ಲಿ ನಿಂತು ಮೋಟರಿನ ಮೈಮೇಲೆ ಅಂಗೈ ಇಟ್ಟಿದ್ದರು, ಬಿಸಿಯಾಗಿದೆಯಾ ಎಂದು. ನೀನಿಟ್ಟ ಹಾಗೆಯೇ. ರೊಟ್ಟಿ ಹೆಂಚಿನಲ್ಲೇ ಕರಿಕಾಯಿತು. ಊಟಕ್ಕೆ ಬಂದಾಗ ಅರ್ತ್ ಅಳೆಸಿ ಎಂದು ಹೇಳಿದೆ, ಕೇಳಿಕೊಂಡೆ, ಕಣ್ಣೀರು ಹಾಕಿದೆ. "ಬಲ್ಬ್ ಅಚ್ಚಿ ತೋರಿಸ್ತೀನಿ ಬಾ," ಎಂದು ಇವರು ಗಿರಣಿಗೆ ಕರೆದುಕೊಂಡು ಹೋಗಿ ತೋರಿಸಿದರು. ಎಷ್ಟು ಚೆನ್ನಾಗಿ ಉರಿಯಿತು ಗೊತ್ತಾ ಆ ಹಾಳು ಬಲ್ಬು. ಹಮಾಲರೆಲ್ಲ ನನ್ನನ್ನೇ ನೋಡುತ್ತಿದ್ದರು.

ಮಾರನೆಯ ದಿನವೇ ಹಾಸನದ ಬಸ್ಸಿನ ಕಂಡಕ್ಟರ್ ಹತ್ತಿರ ರುದ್ರಣ್ಣನಿಗೆ ಹೇಳಿಕಳಿಸಿದೆ. ಮೀಟರ್ ಪೆಟ್ಟಿಗೆ ಹೊತ್ತು ಬಂದ. ಸುತ್ತಿನ ತಡೆ ನೋಡಿ, ಮತ್ತೆ ಒಂದು ಸಲ ನೋಡಿ, ಬೆವರು ಒರೆಸಿಕೊಂಡ.

"ಇಪ್ಪತ್ಮೂರು ಓಮ್ ಸಾ. ಮಳೆಗಾಲ್ದಲ್ಲಿ ನಾಕಿತ್ತು."

"ಬಲ್ಬು ಉರೀತೈತಲ್ಲಯ್ಯ," ಅಂದರು ಇವರು. ಹಳ್ಳಿಮೈಸೂರಿನ ಭತ್ತದ ಗಾಡಿಗಳು ಬಾಗಿಲಲ್ಲಿ ನಿಂತಿದ್ದವು, ಗಿರಣಿ ನಿಲ್ಲಿಸುವ ಮಾತು ಇವರಿಗೆ ಬೇಡವಾಗಿತ್ತು.

ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಅಲ್ಲಿಂದಲೇ ಹೇಳಿದೆ. "ಇನ್ನೂರ ಮೂವತ್ತನ್ನ ಇಪ್ಪತ್ಮೂರರಿಂದ ಭಾಗಿಸಿದ್ರೆ ಬರೋದು ಹತ್ತೇ ಆಂಪಿಯರು ಕರೆಂಟು. ನಮ್ ಫ್ಯೂಸು ಹದಿನೈದರದು. ಅದು ಕರಗಾಕಿಲ್ಲ ಕಣ್ರೀ. ನೀವು ಸತ್ರೂ ಕರಗಾಕಿಲ್ಲ. ನಮ್ಮಪ್ಪನ್ನ ಮಲಗಿಸಿದ್ದು ಇಂಥದೇ ಒಂದು ಬಲ್ಬು."

ರುದ್ರಣ್ಣ ನೆಲ ನೋಡುತ್ತಿದ್ದ. ಅತ್ತೆ ಮೊರ ಕೆಳಗಿಟ್ಟು ಎದ್ದರು. ಗುಂಡಿಗೆ ಕೈಮುಗಿದು, "ತಾಯಿ ಬಾಯಿಗೆ ನೀರೇ ಬೀಳ್ದಂಗೆ ಮಾಡ್ಬುಟ್ನಲ್ಲ. ಆರೆ ತಕ್ಕಂಬಾ ಮಗ, ಕೀಳು," ಎಂದು ಮಗನಿಗೇ ಹೇಳಿದರು. ಇವರು ಗೊಣಗುತ್ತಲೇ ಹಾರೆ ತಂದು ಚಪ್ಪಡಿ ಕಿತ್ತರು. ಬಾವಿಯ ಪಕ್ಕದ ತೇವದ ನೆಲದಲ್ಲಿ ಇನ್ನೊಂದು ಗುಂಡಿ ಮಾಡಿ ಎರಡನ್ನೂ ತಂತಿಯಿಂದ ಸೇರಿಸಿದರು. ಅಷ್ಟು ಹೊತ್ತೂ ಗಿರಣಿ ನಿಂತಿತ್ತು, ಅಷ್ಟು ಹೊತ್ತೂ ನಾನು ನೆಮ್ಮದಿಯಾಗಿ ಉಸಿರಾಡಿದೆ. ಮೀಟರ್ ಮತ್ತೆ ನಾಲ್ಕಕ್ಕೆ ಇಳಿಯಿತು. "ಈಗ ಐವತ್ತು ಆಂಪಿಯರ್ ಮೇಲೆ ಕರೆಂಟ್ ಹರೀತದೆ ಕಣವ್ವ, ಫ್ಯೂಸ್ ತಡ್ಯಾಕಿಲ್ಲ," ಎಂದು ರುದ್ರಣ್ಣ ಹೇಳಿಹೋದ.

ಅವನು ಹೋದ ಮೇಲೂ ನನ್ನ ಹೆದರಿಕೆ ಹೋಗಲಿಲ್ಲ. ಲೆಕ್ಕ ಸರಿಯಿದೆ ಎಂದು ಬುದ್ಧಿ ಹೇಳುತ್ತದೆ, ಎದೆ ಕೇಳಬೇಕಲ್ಲ. ಬೆಳಿಗ್ಗೆ ಬಿಂದಿಗೆ ನೀರು ಹೊಯ್ಯುವಾಗಲೂ ಇಷ್ಟು ಸಾಕೋ, ಇನ್ನೊಂದು ಹೊಯ್ಯಲೋ ಎಂದು ನಿಂತುಬಿಡುತ್ತಿದ್ದೆ. ಮಣ್ಣನ್ನು ನಂಬುವುದು ಹೇಗೆ ಅಪ್ಪ? ನೀನು ನಂಬಿದ್ದೆಯಾ?

ನಿನ್ನೆ ಮಧ್ಯಾಹ್ನ ಗಿರಣಿಯಲ್ಲಿ ಢಬ್ ಎಂದಿತು, ಮೋಟರ್ ನಿಂತಿತು. ನಾನು ಓಡಿದ್ದು ಹೇಗೋ ನನಗೇ ಗೊತ್ತಿಲ್ಲ. ಇವರು ಒದ್ದೆ ನೆಲದ ಮೇಲೆ ಬಗ್ಗಿ ನಿಂತಿದ್ದರು, ಕೈ ಮೋಟರಿನಿಂದ ಒಂದು ಗೇಣು ದೂರದಲ್ಲಿತ್ತು. "ಆಳಾದ್ ಫ್ಯೂಸು, ಈಗ್ಲೇ ಓಗ್ಬೇಕಿತ್ತಾ," ಎಂದು ಬೈಯುತ್ತಿದ್ದರು. ಇವತ್ತು ಬೆಳಗಿನ ಬಸ್ಸಿಗೆ ಬಂದ ರುದ್ರಣ್ಣ ಮೋಟರ್ ಬಿಚ್ಚಿ ನನ್ನನ್ನು ಕರೆದು ತೋರಿಸಿದ. ಒಳಗಿನ ತಂತಿಯ ಹತ್ತಿಯ ಸುತ್ತು ಸುಟ್ಟುಹೋಗಿ, ಬರಿ ತಾಮ್ರ ಮೋಟರಿನ ಮೈಗೆ ಅಂಟಿಕೊಂಡಿತ್ತು. ಗಾರೆ ಕೀಳದೆ ಇದ್ದಿದ್ದರೆ ಫ್ಯೂಸ್ ಸುಮ್ಮನಿರುತ್ತಿತ್ತು, ಇವರ ಕೈ ಆ ಮೈಮೇಲೆ ಬೀಳುತ್ತಿತ್ತು. ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಅತ್ತುಬಿಟ್ಟೆ. ನೀನು ಹೋದಾಗ ಅಳಲು ಆಗಿರಲಿಲ್ಲ ನೋಡು, ಅದೂ ಸೇರಿ ಬಂತು.

ಪ್ರತಿ ಬೇಸಿಗೆಗೂ ಮೀಟರ್ ಹಚ್ಚಿಸುತ್ತೇನೆ ಅಪ್ಪ. ಇವರು ಬೇಡವೆಂದರೂ ಹಚ್ಚಿಸುತ್ತೇನೆ.

ಮೋಟರ್ ರಿಪೇರಿಗೆ ಹೋಗಿದೆ, ಗಾಡಿಯವರು ವಾಪಸ್ಸು ಹೊರಟಿದ್ದಾರೆ, ಇವರು ಜಗಲಿಯಲ್ಲಿ ಕೂತು ಫ್ಯೂಸಿಗೂ ರುದ್ರಣ್ಣನಿಗೂ ನನಗೂ ಸೇರಿಸಿ ಬೈಯುತ್ತಿದ್ದಾರೆ. ನಾನು ಮುಖ ಚಿಕ್ಕದು ಮಾಡಿಕೊಂಡದ್ದು ನೋಡಿ ಅತ್ತೆ ಹತ್ತಿರ ಬಂದು ತಲೆ ನೇವರಿಸಿದರು. "ಬೈಕೊಳ್ಲಿ ಬುಡಮ್ಮಿ. ಬೈಯಾಕೆ ಉಸ್ರೈತಲ್ಲ."

ಹೌದಪ್ಪ, ಇನ್ನೂ ಬೈಯುತ್ತಲೇ ಇದ್ದಾರೆ.