ನೆಲ ಮುಟ್ಟಿದರೆ ಊರು ತಲುಪಿದಂತೆಯೇ?

ವಿಮಾನ ನಿಲ್ದಾಣದ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿ ಕೊಟ್ಟ ಒಂದು ಪ್ರಮಾಣಪತ್ರದಿಂದಾಗಿ ನಾನು ನನ್ನ ಮಗಳನ್ನು ನೋಡುವ ಹಕ್ಕನ್ನೇ ಕಳೆದುಕೊಳ್ಳುವ ಹಂತದಲ್ಲಿದ್ದೇನೆ. ಆದ್ದರಿಂದ ಕುಶಲೋಪರಿಗೆ ಪುರುಸೊತ್ತಿಲ್ಲ.

ಮೊದಲು ದೂರದ ಮಾತು. ನನ್ನ ಊರಿಗೂ ನಿಮ್ಮ ಊರಿಗೂ ಒಂದು ಗಂಟೆಯ ಹಾರಾಟವೆಂದು ಹಿಂದೆ ಟಿಕೆಟ್ಟಿನಲ್ಲಿ ಇರುತ್ತಿತ್ತು. ಈಗ ಒಂದೂಮುಕ್ಕಾಲು ಗಂಟೆ. ಎರಡೂ ನಗರಗಳು ಜಗಳವಾಡಿಕೊಂಡು ದೂರ ಸರಿದವೇ? ನನಗೆ ತಿಳಿದಂತೆ ಆ ಕೆಲಸ ಮಾಡಿದ್ದು ನಾನೂ ನನ್ನ ಹೆಂಡತಿಯೂ ಮಾತ್ರ. ವಿಮಾನ ಈಗಲೂ ಒಂದೇ ಗಂಟೆಯಲ್ಲಿ ಬರುತ್ತದೆ. ಮಿಕ್ಕ ಮುಕ್ಕಾಲು ಗಂಟೆ ನೀವೂ ವಿಮಾನ ಕಂಪನಿಯವರೂ ಕೂಡಿ ಸೇರಿಸಿದ್ದು. ಅದರ ಕೃಪೆಯಿಂದ ತಡವಾಗಿ ಹೊರಟ ವಿಮಾನವೂ ಬೇಗ ಬಂದಂತಾಗುತ್ತದೆ, ನಿಮ್ಮ ಗೋಡೆಗೆ ಸಮಯಪಾಲನೆಯ ಫಲಕವೂ ಏರುತ್ತದೆ. ಬೇಗ ಬಂದವರನ್ನು ಇಳಿಸಲು ಜಾಗವಿದೆಯೇ ಎಂಬುದು ನಿಮಗೆ ಬೇಡ. ಚಕ್ರ ನೆಲಕ್ಕೆ ತಾಗಿದೊಡನೆ ಪ್ರಯಾಣ ಮುಗಿಯಿತೆಂದು ನೀವು ಬರೆದುಕೊಳ್ಳುತ್ತೀರಿ.

ನಾನು ಹಲ್ಲಿನ ಸೆಟ್ ತಯಾರಿಸುವವನು. ನ್ಯಾಯಾಲಯದ ಆದೇಶದಂತೆ ತಿಂಗಳಿಗೊಂದು ಶನಿವಾರ ನಿಮ್ಮ ಊರಿನ ಭೇಟಿ ಕೇಂದ್ರದಲ್ಲಿ ಏಳು ವರ್ಷದ ಮಗಳ ಜೊತೆ ಅರ್ಧ ದಿನ ಕಳೆಯಬಹುದು. ನಾನು ಅರ್ಧ ಗಂಟೆ ತಡಮಾಡಿದರೆ, ಅವಳನ್ನು ಕರೆತರುವ ಅಜ್ಜಿ ವಾಪಸು ಮನೆಗೆ ಕರೆದೊಯ್ಯುತ್ತಾರೆ. ಈ ಸಲ ಅವಳ ಹಲ್ಲೊಂದು ಅಲ್ಲಾಡುತ್ತಿತ್ತು. ಅಜ್ಜಿಗೂ ಮುಟ್ಟಲು ಬಿಡದೆ, ಅಪ್ಪನೇ ಕೀಳಬೇಕೆಂದು ಉಳಿಸಿಕೊಂಡಿದ್ದಳು. ಭೇಟಿಗೆ ಇನ್ನೂ ಒಂದು ಗಂಟೆಯಿರುವಾಗಲೇ ನಮ್ಮ ವಿಮಾನ ಇಳಿಯಿತು. ಬೇಗ ಬಂದೆವೆಂದು ಗಗನಸಖಿ ಘೋಷಿಸಿದರು, ಕೆಲವರು ಚಪ್ಪಾಳೆ ತಟ್ಟಿದರು. ಆಮೇಲೆ, ಜನರನ್ನು ಇಳಿಸುವ ಜಾಗ ಖಾಲಿಯಿಲ್ಲವೆಂದು ವಿಮಾನ ಓಡುದಾರಿಯ ಪಕ್ಕದಲ್ಲಿ ನಿಂತಿತು. ನಿಂತೇ ಇತ್ತು. ನಾನು ಎದ್ದೆ, ಕೂರಿಸಿದರು. ಮತ್ತೆ ಎದ್ದೆ, ಗದರಿದರು. ಅಷ್ಟರಲ್ಲಿ ಅಜ್ಜಿಯ ಫೋನಿನಿಂದ ಮಗಳು ಮಾತಾಡಿದಳು.

"ಅಪ್ಪಾ, ಎಲ್ಲಿದ್ದೀಯ?"

"ಬಂದ್ಬಿಟ್ಟೆ ಪುಟ್ಟಿ. ಇಲ್ಲೇ ಇದ್ದೀನಿ."

"ಹಾಗಾದ್ರೆ ಬಾ ಮತ್ತೆ."

"ಬಾಗಿಲು ತೆಗೀತಿಲ್ಲ ಕಣೇ."

"ತೆಗೀರಿ ಅಂತ ಜೋರಾಗಿ ಹೇಳು."

ಹೇಳಿದೆ. ಗಂಟಲು ಹರಿಯುವಂತೆ ಹೇಳಿದೆ. ಬಾಗಿಲು ತೆರೆಯುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಎದ್ದೆನೋ ಬಿದ್ದೆನೋ ಎಂದು ಕೇಂದ್ರಕ್ಕೆ ಹೋದರೆ ಖಾಲಿ ನೀಲಿ ಕುರ್ಚಿಗಳು. "ಅಳ್ತಾ ಹೋಯ್ತು ಸಾರ್ ಮಗು. ಅಪ್ಪ ಊರಿಗೆ ಬಂದಿದ್ದಾರೆ, ನನ್ನ ಹತ್ರ ಮಾತ್ರ ಬರ್ಲಿಲ್ಲ ಅಂತಿತ್ತು" ಎಂದರು ಅಲ್ಲಿನ ಮೇಲ್ವಿಚಾರಕಿ. ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ.

ತಡವಾದದ್ದಕ್ಕೆ ಪುರಾವೆ ಕೇಳಲು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ನಗುನಗುತ್ತಲೇ ಮೊಹರು ಒತ್ತಿ ಕೊಟ್ಟರು. ಮೊಹರು ಕಂಡದ್ದೇ ತಡ, ಓದದೆ ವಕೀಲರ ಕೈಗಿಟ್ಟೆ. ಅವರೂ ಓದದೆ ನ್ಯಾಯಾಲಯಕ್ಕೆ ಸಲ್ಲಿಸಿದರು. ಅದರಲ್ಲಿದ್ದದ್ದು: 'ವಿಮಾನವು ನಿಗದಿತ ವೇಳೆಗೆ ಮುಂಚೆಯೇ ಆಗಮಿಸಿದೆ.' ನನ್ನ ಗುಂಡಿಯನ್ನು ನಾನೇ ತೋಡಿಕೊಂಡೆ, ಸಲಿಕೆ ನಿಮ್ಮದು. ಬೇಗ ಬಂದಿಳಿದ ತಂದೆ ಊರು ಸುತ್ತಲು ಹೋಗಿದ್ದನೆಂದೂ, ಇಂಥವನಿಗೆ ಫೋನಿನಲ್ಲಿ ಮಾತಾಡುವ ಅವಕಾಶವೇ ಹೆಚ್ಚೆಂದೂ ಎದುರು ಪಕ್ಷದ ವಕೀಲರು ವಾದಿಸುತ್ತಿದ್ದಾರೆ.

ಸ್ವಾಮಿ, ಫಲಕ ನಿಮ್ಮ ಗೋಡೆಯ ಮೇಲೇ ಇರಲಿ. ಬಾಗಿಲು ಎಷ್ಟು ಹೊತ್ತಿಗೆ ತೆರೆಯಿತೆಂದು ಒಂದೇ ಒಂದು ಸಾಲು ಬರೆದು ಸಹಿ ಹಾಕಿ ಕೊಡಿ. ಬರುವ ಗುರುವಾರ ವಿಚಾರಣೆ. ಅಷ್ಟೂ ಆಗದಿದ್ದರೆ ನೀವೇ ನ್ಯಾಯಾಲಯಕ್ಕೆ ಬನ್ನಿ. ಹೊರಗಿನ ಬೆಂಚಿನ ಮೇಲೆ ಅಜ್ಜಿಯ ಪಕ್ಕದಲ್ಲಿ ನನ್ನ ಮಗಳು ಕೂತಿರುತ್ತಾಳೆ. ಅಪ್ಪ ಅವತ್ತು ಬೇಗ ಬಂದಿದ್ದ ಎಂದು ಅವಳ ಮುಖ ನೋಡಿ ಹೇಳಿ.

ಇಂತಿ,
ನಿಮ್ಮ ದಾಖಲೆಗಳಲ್ಲಿ ಎಂದೂ ತಡಮಾಡದ
ಒಬ್ಬ ತಂದೆ