ಎತ್ತುವ ಕೀಲಿನ ದೋಣಿ

ಬಟವಾಡಿ, ತುಮಕೂರು
ಭಾನುವಾರ, ೧೨-೧೦-೨೦೨೫

ಚಿರಂಜೀವಿ ಸ್ವರ್ಣಲತಾಳಿಗೆ,

ಮೊದಲು ಆಶೀರ್ವಾದ ತಗೋ, ಬೈಗುಳ ಆಮೇಲೆ. ಫೋನಿನಲ್ಲಾದರೆ ನೀನು "ಆಯ್ತು ಕಣವ್ವ, ಆಯ್ತು ಕಣವ್ವ" ಅಂತ ಇಟ್ಟುಬಿಡುತ್ತೀಯೆ. ಕಾಗದದ ಬಾಯಿ ಮುಚ್ಚಿಸಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೊತ್ತಗೆರೆ ಸ್ಕೂಲಿನಲ್ಲಿ ಕಲಿತ ಅಕ್ಷರ, ಒತ್ತು ತಪ್ಪಿದ್ದರೆ ನೀನೇ ಹಾಕಿಕೊಂಡು ಓದು.

ಗುಬ್ಬಿಯ ಬ್ಯಾಂಕಿನಿಂದ ರಿಟೈರ್ ಆದ ಮೇಲೆ ನೀನು ಮನೆಯಲ್ಲಿ ಕಾಲು ಚಾಚಿಕೊಂಡು ಟಿ.ವಿ. ನೋಡುತ್ತೀಯೆ ಅಂದುಕೊಂಡಿದ್ದೆ. ಏನೋ ಟ್ರೈನಿಂಗು ಅಂತ ಕಾರವಾರಕ್ಕೆ ಹೊರಡುವ ಮುಂಚೆ ಹಿತ್ತಲಲ್ಲಿ ನಿಂತು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದೆಯಲ್ಲ, "ಕೀಲು ತುಕ್ಕು ಹಿಡ್ದಿದ್ರೆ ಬೇಡ. ಎತ್ತೋ ಕೀಲಾದ್ರೆ ಒಳ್ಳೇದು. ಸೆಕೆಂಡ್ ಹ್ಯಾಂಡ್ ಆದ್ರೂ ಪರ್ವಾಗಿಲ್ಲ, ನಾನೇ ಬಂದು ನೋಡ್ತೀನಿ" ಅಂತ, ಅದು ನನ್ನ ಕಿವಿಗೆ ಬಿತ್ತು. ಕೀಲು ಅಂದರೆ ಮಂಡಿಯದೇ ಅಂದುಕೊಂಡೆ. ಮಗಳು ನನಗೆ ಹೇಳದೆ ಮಂಡಿ ಆಪರೇಷನ್‌ಗೆ ಹೋಗುತ್ತಿದ್ದಾಳೆ, ಅದೂ ಯಾರೋ ಹಾಕಿ ಬಿಟ್ಟ ಹಳೇ ಕೀಲು ಹಾಕಿಸಿಕೊಳ್ಳಲು!

ನೀನು ಬಸ್ಸು ಹತ್ತಿದ ಮಾರನೇ ದಿನವೇ ಆಟೋ ಮಾಡಿಕೊಂಡು ಇಲ್ಲೇ ಮೂಳೆ ಡಾಕ್ಟರ ಹತ್ತಿರ ಹೋಗಿ ಕೇಳಿದೆ. ಅವನು, "ಅಜ್ಜಿ, ಸೆಕೆಂಡ್ ಹ್ಯಾಂಡ್ ಮಂಡಿ ಯಾರೂ ಹಾಕಲ್ಲ" ಎಂದ. "ಕಾರವಾರದಲ್ಲಿ ಹಾಕ್ತಾರಂತೆ ಕಣಪ್ಪ, ನೀನ್ಯಾವ ಸೀಮೆ ಡಾಕ್ಟ್ರು" ಎಂದೆ. ಹೊರಗೆ ಕೂತಿದ್ದ ಜನವೆಲ್ಲ ನಕ್ಕರು. ಮನೆಗೆ ಬಂದು ನಿನ್ನ ತಮ್ಮನ ಮಗಳು ಬಿಂದುಶ್ರೀಗೆ ಫೋನ್ ಮಾಡಿ ಗೊಳೋ ಅಂತ ಅತ್ತೆ. ಆ ಹುಡುಗಿ ನಕ್ಕೂ ನಕ್ಕೂ ಸಾಕಾಗಿ, "ಅಜ್ಜಿ, ಅದು ಅತ್ತೆ ಮಂಡಿ ಅಲ್ಲ ಕಣೆ, ದೋಣಿ ಕೀಲು" ಎಂದಳು.

ದೋಣಿಗೂ ಕೀಲೇ! ಹೋದ ಭಾನುವಾರ ಕುಣಿಗಲ್‌ನಿಂದ ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ದೋಣಿಯ ಹೊಟ್ಟೆಯ ಕೆಳಗೆ ಇಳಿಬಿಟ್ಟ ಭಾರದ ಹಲಗೆಗೆ ಕೀಲು ಅಂತಾರಂತೆ. ಅದು ಇರುವುದರಿಂದಲೇ ಹಾಯಿಗೆ ಗಾಳಿ ಹೊಡೆದರೂ ದೋಣಿ ಮಗುಚುವುದಿಲ್ಲವಂತೆ. ಅಂದಿನಿಂದ ನನಗೆ ಇದೇ ಯೋಚನೆ. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಗೊತ್ತಾಗುವುದಿಲ್ಲ. ಗಾಳಿ ಎದುರಿಗೆ ಬಂದರೆ ದೋಣಿ ಹೇಗೆ ಹೋಗುತ್ತದೆ ಅಂದರೆ, ಓರೆಯಾಗಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೋಗುತ್ತದಂತೆ. ಎದುರಿಗೆ ಬರುವ ಅತ್ತೆಯನ್ನು ತಪ್ಪಿಸಿಕೊಂಡು ಹೋಗುವ ಸೊಸೆಯ ಹಾಗೆ. ದೋಣಿ ವಾಲಿದರೂ ಸಾರು ಚೆಲ್ಲದ ಹಾಗೆ ಒಲೆ ತೊಟ್ಟಿಲಿನಂತೆ ತೂಗುತ್ತದಂತೆ, ನಿಜವೇನೆ? ಅದರ ಮೇಲೆ ಮುದ್ದೆ ತೊಳಸಲು ಆಗುತ್ತದೆಯೇ? ನೆಲವೇ ಓಡಾಡುವಾಗ ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿಯುವುದು ಹೇಗೆ? ಕಕ್ಕಸ್ಸಿಗೆ ಕೂತಾಗ ಹಿಡಿದುಕೊಳ್ಳಲು ಏನಾದರೂ ಇದೆಯೇ? ನನಗಾಗಿ ಕೇಳುತ್ತಿಲ್ಲ. ವಯಸ್ಸಾದವರು ಯಾರಾದರೂ ಬಂದರೆ ಅಂತ ಕೇಳಿದೆ.

ಈಗ ಬೈಗುಳ. ನೀನು ದೋಣಿಯೇ ಬೇಡ ಅನ್ನಲು ಹೊರಟಿದ್ದೀಯಂತೆ. ನಿನ್ನ ತಮ್ಮ ರವೀಶನೇ ಬಾಯಿಬಿಟ್ಟ: "ಅಕ್ಕ ದೋಣಿಯವ್ನಿಗೆ ದೀಪಾವ್ಳಿ ಹಬ್ಬದೊಳ್ಗೆ ಮಾತು ಹೇಳ್ಬೇಕಂತೆ ಕಣವ್ವ. ಅವ್ವನ್ನ ಬುಟ್ಟು ಎಂಗೋಗ್ಲಿ, ಬ್ಯಾಡ ಅಂದ್ಬುಡ್ತೀನಿ ಅಂತವ್ಳೆ." ನನ್ನನ್ನೇನು ಅಂಗಳದಲ್ಲಿ ಒಣಹಾಕಿದ ರಾಗಿ ಅಂದುಕೊಂಡೆಯಾ, ಕಾಯುತ್ತಾ ಕೂರಲು? ನೀನು ಮದುವೆ ಬೇಡ ಅಂದಾಗ ನನ್ನ ಮಾತು ಕೇಳಲಿಲ್ಲ. ಊರೆಲ್ಲ ಆಡಿಕೊಂಡರೂ ಬಗ್ಗಲಿಲ್ಲ. ಈಗ ನಾನು ಆಡದೇ ಇರುವ ಮಾತು ಕೇಳುತ್ತೀಯೆ. ಹಬ್ಬಕ್ಕೆ ಇನ್ನೂ ಎಂಟು ದಿನ ಇದೆ. ಬೇಡ ಅನ್ನುವ ಮಾತು ನಿನ್ನ ಬಾಯಿಂದ ಇನ್ನೂ ಬಿದ್ದಿಲ್ಲ ತಾನೆ? ನುಂಗಿಕೋ.

ಎರಡು ದೋಣಿ ನೋಡಿದ್ದೀಯಂತೆ. ದೊಡ್ಡದರಲ್ಲಿ ಅಡುಗೆಮನೆ ಇದೆ, ನೆಟ್ಟಗೆ ನಿಲ್ಲಬಹುದು, ಆದರೆ ಕೀಲು ಆಳ, ಎತ್ತಲು ಬರುವುದಿಲ್ಲ. ಹೊಳೆ ಕಡಲು ಸೇರುವ ಅಳಿವೆಗಳೊಳಗೆ ನುಗ್ಗಲಾರದೆ ನೆಂಟರ ಹಾಗೆ ದೂರವೇ ನಿಲ್ಲುತ್ತದೆ. ಚಿಕ್ಕದರಲ್ಲಿ ತಲೆ ಬಗ್ಗಿಸಬೇಕು, ಆದರೆ ಕೀಲು ಎತ್ತಿಕೊಂಡರೆ ಮರಳಿನವರೆಗೂ ಬಂದು ಕೂರುತ್ತದೆ. ನಿನ್ನ ಮನಸ್ಸು ದೊಡ್ಡದರ ಮೇಲಿತ್ತಂತೆ, "ಅವ್ವ ಬಂದ್ರೆ ಸೊಂಟ ಬಗ್ಗಿಸ್ಬೇಕಾಗುತ್ತೆ" ಅಂತ. ಅವ್ವ ಬರುತ್ತಾಳೆಂದು ನಿನಗೆ ಯಾರು ಹೇಳಿದರು? ಬಂದರೂ ಈ ಸೊಂಟ ಬಗ್ಗಿಯೇ ಇದೆ, ಹೊಸದಾಗಿ ಬಗ್ಗಿಸುವುದೇನೂ ಇಲ್ಲ. ಚಿಕ್ಕದನ್ನೇ ತಗೋ. ದೂರ ನಿಂತು ಊರು ನೋಡುವುದಕ್ಕೆ ದೋಣಿ ಯಾಕೆ, ಫೋಟೋ ಸಾಕು. ದಡಕ್ಕೆ ಬರುವಂಥದ್ದಾದರೆ ಇಳಿದು ಸೊಪ್ಪು ಕೊಳ್ಳಬಹುದು, ಅಲ್ಲಿಯ ಹೆಂಗಸರನ್ನು ಮಾತಾಡಿಸಬಹುದು.

ತೆಗೆದುಕೊಳ್ಳುವ ಮುಂಚೆ ಅಡಿಯಲ್ಲಿ ಮಲಗಿ ತಟ್ಟಿ ನೋಡು. ಒಳಗೆ ಮೂಗು ಇಟ್ಟು ಮೂಸು, ನೀರು ನಿಂತು ಕೊಳೆತ ವಾಸನೆ ಬಂದರೆ ಎದ್ದು ಬಾ. ಮಾರುವವನು ಬರೀ ಬಣ್ಣದ ಮಾತಾಡುತ್ತಿದ್ದರೆ ಕೀಲು ತೋರಿಸು ಅನ್ನು. ನಾಲ್ಕು ಸಲ ಎತ್ತಿ ಇಳಿಸಲು ಹೇಳು. ಎತ್ತಿನ ವ್ಯಾಪಾರಕ್ಕೆ ಹೋದರೆ ನಡೆಸಿ ನೋಡದೆ ತರುತ್ತೇವೆಯೇ?

ನನ್ನ ಚಿಂತೆ ಬಿಡು. ಊಟ ಮಾಡು. ಬಿಸಿಲಲ್ಲಿ ಕರಿಮುಖ ಮಾಡಿಕೊಂಡಿದ್ದೀಯೆ ಅಂತ ಬಿಂದು ಹೇಳಿದಳು, ಅದೂ ಚೆನ್ನಾಗಿಯೇ ಕಾಣುತ್ತದಂತೆ.

ನಿನ್ನ ಅವ್ವ,
ಚಿಕ್ಕಮಾರಮ್ಮ

ಬರೆಯಲು ಮರೆತದ್ದು: ಗುರುವಾರ ರವೀಶನ ಮನೆಗೆ ಹೋಗಿದ್ದೆ. ದೇವಸ್ಥಾನಕ್ಕೆ ಅಂತ ಅವನನ್ನು ಹೊರಡಿಸಿ, ಕುಣಿಗಲ್ ದೊಡ್ಡಕೆರೆಯ ಹತ್ತಿರ ಕಾರು ನಿಲ್ಲಿಸು ಅಂದೆ. ಮೀನು ಹಿಡಿಯುವ ಅಣ್ಣಯ್ಯಪ್ಪನ ಹರಿಗೋಲಿನಲ್ಲಿ ಕೂತೆ. ಹೊಟ್ಟೆ ತುಂಬ ಮುದ್ದೆ ಉಂಡೇ ಹೋಗಿದ್ದೆ, ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿದರೆ ಏನು ಬಂತು. ಅಣ್ಣಯ್ಯಪ್ಪ ಗಿರಗಿರ ತಿರುಗಿಸಿಬಿಟ್ಟ. ದಡದಲ್ಲಿ ನಿನ್ನ ತಮ್ಮ, "ಅವ್ವೋ, ಎದ್ದೇಳ್ಬ್ಯಾಡ ಕಣವ್ವೋ" ಅಂತ ಬಾಯಿ ಬಡಿದುಕೊಳ್ಳುತ್ತಿದ್ದ. ನನಗೆ ವಾಂತಿಯೂ ಬರಲಿಲ್ಲ, ತಲೆಯೂ ಸುತ್ತಲಿಲ್ಲ. ಇನ್ನೊಂದು ಸುತ್ತು ಹಾಕಪ್ಪ ಅಂದೆ. ನೀರಿಗೆ ಇಳಿಯುವವರೆಲ್ಲ ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಜಾಕೀಟು ಕಾರವಾರದಲ್ಲೇ ಸಿಗುತ್ತದಂತಲ್ಲ. ಈ ಕಾಗದದ ಜೊತೆ ಪಾರ್ಸೆಲ್ಲಿನಲ್ಲಿ ನನ್ನ ಅಳತೆ ರವಿಕೆ ಇಟ್ಟಿದ್ದೇನೆ. ತೋಳು ಬಿಗಿ ಬೇಡ ಅನ್ನು.